ಮಾತಾಡದೆ ಕುಣಿದ ರಾಣಿ

ದೊಡ್ಡಾಟದ ಮೇಳದಲ್ಲಿ ಗಂಟಲು ಹೋದ ಹೆಣ್ಣುವೇಷದವನಿಗೆ ಉಳಿಯುವುದು ಎರಡೇ ಕೆಲಸ. ಪೆಟ್ಟಿಗೆ ಹೊರಬೇಕು, ಇಲ್ಲವೇ ಇನ್ನೊಬ್ಬನಿಗೆ ಸೀರೆ ಉಡಿಸಬೇಕು. ನನಗೆ ಎರಡೂ ಬೇಡವಾಗಿದ್ದವು. ಮೀಸೆ ಮೂಡುವ ಮೊದಲಿನಿಂದ ಮಸ್ಕಿ ಸೀಮೆಯ ಆಟದ ಅಟ್ಟಗಳ ಮೇಲೆ ರಾಣಿಯಾಗಿ ಕುಣಿದವನು ನಾನು. ಆಟ ಮುಗಿದ ಮೇಲೆ ಹೆಂಗಸರು ಬಂದು ನನ್ನ ಬಳೆ ಮುಟ್ಟಿ ನೋಡಿ, 'ಇವ ಖರೇನ ಗಂಡಸೇನ?' ಎಂದು ಒಬ್ಬರನ್ನೊಬ್ಬರು ಕೇಳುತ್ತಿದ್ದರು. ಅದನ್ನು ಕೇಳಿ ನಾನು ಉಬ್ಬಿಹೋಗುತ್ತಿದ್ದೆ. ಒಂದು ಮಳೆಗಾಲದ ಕೊನೆಗೆ ಜ್ವರ ಬಂತು, ಬಿಟ್ಟೂ ಹೋಯಿತು. ಹೋಗುವಾಗ ನನ್ನ ದನಿಯನ್ನೂ ಗಂಟು ಕಟ್ಟಿಕೊಂಡು ಹೋಯಿತು. ಉಳಿದದ್ದು ಒಣ ಜೋಳದ ದಂಟು ಮುರಿದಂಥ ಒಂದು ಸಪ್ಪಳ.

ನಮ್ಮ ಮೇಳದ ಯಜಮಾನರನ್ನು ನಾವು ಮಾಸ್ತರರು ಎನ್ನುತ್ತಿದ್ದೆವು. ನನಗೆ ಹೆಜ್ಜೆ ಕಲಿಸಿದವರು, ಹಾಡು ಕಲಿಸಿದವರು, ತಪ್ಪಿದಾಗ ತಾಳದಿಂದಲೇ ಮೊಣಕಾಲಿಗೆ ಹೊಡೆದವರು ಅವರೇ. ನಾನು ಎದ್ದು ಓಡಾಡುವಂತಾದ ಮೇಲೆ ಕರೆಸಿ, ಒಂದು ಸಾಲು ಹಾಡು ಎಂದರು. ಹಾಡಿದೆ. ಅವರು ಅಡಿಕೆ ಕತ್ತರಿಸುತ್ತಿದ್ದರು. ಅದನ್ನು ನಿಲ್ಲಿಸಲೂ ಇಲ್ಲ, ತಲೆ ಎತ್ತಲೂ ಇಲ್ಲ.

"ಸುಗ್ಗಿ ಆಟಕ್ಕ ಬ್ಯಾರೆ ರಾಣಿ ನೋಡ್ತೀನಿ," ಎಂದರು. "ನೀ ಏನ್ ಮ್ಯಾಳ ಬಿಡಬ್ಯಾಡ. ಪೆಟಗಿ ಹೊರಾಕ ಯಾರರ ಒಬ್ರು ಬೇಕಲ್ಲ."

ಅಯ್ಯೋ ಪಾಪ ಎನ್ನಲಿಲ್ಲ, ಔಷಧ ಏನು ತೆಗೆದುಕೊಂಡಿ ಎಂದು ಕೇಳಲಿಲ್ಲ. ನನಗೆ ಮೈಯೆಲ್ಲ ಉರಿಯಿತು. ಆದರೆ ಅವರ ಎದುರು ಸಿಟ್ಟು ಮಾಡುವುದಕ್ಕೂ ದನಿ ಬೇಕಲ್ಲ! ಮನೆಗೆ ಬಂದರೆ ಹೆಂಡತಿ ಬೆನ್ನಿಗಿಳಿದ ನನ್ನ ತಲೆಗೂದಲಿಗೆ ಎಣ್ಣೆ ಹಚ್ಚುತ್ತ, "ಇನ್ಯಾಕ್ರೀ ಇಷ್ಟುದ್ದ ಕೂದ್ಲ? ತಗಿಸಿಬಿಡ್ರಿ. ಸಂತ್ಯಾಗ ಮಂದಿ ನಗತಾರ," ಎಂದಳು. ಅವಳ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಆದರೂ ನಾನು ಕೂದಲು ಕಟ್ಟಿಕೊಂಡು ಎದ್ದುಹೋದೆ. ಆ ಕೂದಲು ಹೋದರೆ ನಾನು ಯಾರು ಎಂಬುದೇ ನನಗೆ ಗೊತ್ತಿರಲಿಲ್ಲ. ರಂಟೆ ಹೊಡೆಯಲು ನಿಂತರೆ ಎತ್ತುಗಳೂ ನನ್ನ ಮಾತು ಕೇಳುತ್ತಿರಲಿಲ್ಲ. ನನಗೆ ಬರುತ್ತಿದ್ದದ್ದು ರಾಣಿಯಾಗುವ ಕೆಲಸ ಒಂದೇ.

ಅದು ನಿಜಾಮರ ಆಳ್ವಿಕೆಯ ಕಾಲ. ಈಗ ಸಿಂಧನೂರಿನ ಸುತ್ತ ಕಾಲುವೆ ನೀರು, ಎಲ್ಲಿ ನೋಡಿದರಲ್ಲಿ ಭತ್ತ. ಆಗ ಕಪ್ಪು ಎರೆಭೂಮಿ, ಬಿಳಿಜೋಳ, ಹತ್ತಿ ಅಷ್ಟೇ. ಜೋಳದ ರಾಶಿ ಮನೆ ಸೇರಿದ ಮೇಲೆ ಸಿಂಧನೂರಿನ ದಲಾಲರೂ ಗೊರೇಬಾಳದ ಕಡೆಯ ರೈತರೂ ಸೇರಿ ನಮ್ಮ ಮೇಳಕ್ಕೆ ವೀಳ್ಯ ಕೊಡುತ್ತಿದ್ದರು. ವೀಳ್ಯದೆಲೆ ಕೈಯಲ್ಲಿ ಹಿಡಿದ ಮೇಲೆ ಆಟ ಆಡಲೇಬೇಕು. ಹಿಡಿದು ಆಡದ ಮೇಳವನ್ನು ಮತ್ತೆ ಯಾವ ಊರೂ ಕರೆಯುತ್ತಿರಲಿಲ್ಲ. ಆ ವರ್ಷವೂ ಮಾಸ್ತರರು ವೀಳ್ಯ ಹಿಡಿದಿದ್ದರು. ಹಿಡಿದ ಮೇಲೆ ತಿಳಿಯಿತು, ಮಂದಿ ಸೇರುವ ಯಾವ ಆಟಕ್ಕೂ ಮೊದಲು ಕಚೇರಿಯ ಪರವಾನಗಿ ಬೇಕು, ಪರವಾನಗಿಗೆ ಆಟದ ಪುಸ್ತಕ ಒಪ್ಪಿಸಬೇಕು ಎಂದು.

ಮಾಸ್ತರರು ಬಂಡಿ ಕಟ್ಟಿಕೊಂಡು ಲಿಂಗಸೂಗೂರಿಗೆ ಹೋಗಿ ವಿಚಾರಿಸಿ ಬಂದರು. ಬಂದವರೇ ಕಟ್ಟೆಯ ಮೇಲೆ ರುಮಾಲು ಬಿಚ್ಚಿಟ್ಟು ಕುಳಿತರು.

"ಪುಸ್ತಕ ಕೊಡ್ರಿ, ಓದಿ ನೋಡಿ ಹೇಳ್ತೀವಿ ಅಂತಾರ. ಎಲ್ಲೈತಿ ಪುಸ್ತಕ? ಎದಿ ಸೀಳಿ ಕೊಡ್ಲೇನು?"

ಅವರ ಮಾತು ಅಕ್ಷರಶಃ ನಿಜ. ನಮ್ಮ ಆಟ ಪೂರಾ ಅವರ ಎದೆಯಲ್ಲಿತ್ತು. ಹಾಡುಗಳು ಅವರಿಗೆ ಬಾಯಿಪಾಠ. ಮಾತುಗಳನ್ನು ನಾವು ಅಟ್ಟದ ಮೇಲೆ ಆಯಾ ಊರಿಗೆ ತಕ್ಕಂತೆ ಕಟ್ಟುತ್ತಿದ್ದೆವು. ಇವತ್ತು ಆಡಿದ್ದು ನಾಳೆ ಇರುತ್ತಿರಲಿಲ್ಲ. ಅದನ್ನು ಯಾರು ಬರೆಯಬೇಕು, ಯಾವಾಗ ಬರೆಯಬೇಕು? ಮೇಳದವರೆಲ್ಲ ನೆಲ ನೋಡುತ್ತ ಕುಳಿತಿದ್ದರು. ನನಗೆ ಮಾತ್ರ ಎದೆಯಲ್ಲಿ ಏನೋ ಹೊತ್ತಿಕೊಂಡಂತಾಯಿತು.

"ಮಾಸ್ತರ್ರ, ಮಾತು ಬ್ಯಾಡಂದ್ರ ಮಾತಿಲ್ದ ಆಡೋಣ್ರಿ," ಎಂದೆ. "ಬರೇ ಕುಣಿಯಾಕ ಪುಸ್ತಕ ಯಾರು ಕೇಳ್ತಾರ?"

ಅವರು ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು. "ನಿನ್ನ ಗಂಟಲ ಹೋತಂತ ಎಲ್ಲಾರ ಗಂಟಲ ಒತ್ತಬೇಕೇನಲೇ?"

ಎಲ್ಲರೂ ನಕ್ಕರು. ನನ್ನ ಸ್ವಾರ್ಥ ಅವರಿಗೆ ಕಂಡುಬಿಟ್ಟಿತ್ತು, ಅದಕ್ಕೆ ನಾಚಿಕೆಯೇನೂ ಆಗಲಿಲ್ಲ. ಹಸಿದವನು ಅನ್ನ ಕೇಳಿದರೆ ನಾಚಿಕೆ ಯಾಕೆ? ನಾನು ಅಲ್ಲಿಂದ ಏಳಲಿಲ್ಲ. ಬೇರೆ ದಾರಿ ಯಾರಿಗೂ ಹೊಳೆಯಲಿಲ್ಲ. ಮಾಸ್ತರರೇ ಕಚೇರಿಯಲ್ಲಿ ಮತ್ತೊಮ್ಮೆ ಕೇಳಿಸಿ ನೋಡಿದರು. ಮಾತು, ಹಾಡು ಇಲ್ಲದೆ ಬರೀ ಕುಣಿತವಾದರೆ ಅಡ್ಡಿಯಿಲ್ಲ, ನೋಡಲು ಪೊಲೀಸ್ ಅಮೀನರು ಬರುತ್ತಾರೆ ಎಂಬ ಉತ್ತರ ಬಂತು.

ಕುಣಿಯುವುದೇನೋ ಸರಿ, ಕಥೆ ಹೇಳುವುದು ಹೇಗೆ? ನಮ್ಮ ಮದ್ದಳೆಯವನು ಹಾಡಿನ ಬೆನ್ನು ಹತ್ತಿ ನುಡಿಸುವವನು. 'ಹಾಡಿಲ್ಲಂದ್ರ ನಾ ಯಾರ ಬೆನ್ನ ಹತ್ಲಿ?' ಎಂದು ಹೇಳಿ ತಂಗಿಯ ಊರಿಗೆ ಹೋಗಿಬಿಟ್ಟ. ಮಾತಿಲ್ಲದ ರಾಣಿ ಅತ್ತರೆ, ದೂರ ಕುಳಿತವರಿಗೆ ಅವಳು ಅಳುತ್ತಾಳೋ ಆಕಳಿಸುತ್ತಾಳೋ ತಿಳಿಯುವುದಿಲ್ಲ. ಮಾಸ್ತರರು ಹಟ ಬಿಟ್ಟು ಹೊರಗಿನವರನ್ನು ಕರೆಸಿದ್ದು ಆಗಲೇ. ಒಬ್ಬ ತೊಗಲುಗೊಂಬೆ ಆಡಿಸುವ ಮುದುಕ, ನಾವೆಲ್ಲ ಮುತ್ಯಾ ಎನ್ನುತ್ತಿದ್ದೆವು. ಇನ್ನೊಬ್ಬ ಲಿಂಗಸೂಗೂರು ಕಡೆಯ ತಾಶಾ ವಾದ್ಯದ ಚಾಚಾ. ಮೊಹರಮ್ಮಿನಲ್ಲಿ ಅಲಾಯಿ ಕುಣಿಯ, ಎಂದರೆ ಬೆಂಕಿಗುಂಡಿಯ, ಸುತ್ತ ಹೆಜ್ಜೆ ಹಾಕುವವರಿಗೆ ಅವನು ಬಾರಿಸಿದರೆ ಕಲ್ಲೂ ಕುಣಿಯುತ್ತದೆ ಎನ್ನುತ್ತಿದ್ದರು.

ಮುತ್ಯಾ ಬಂದವನೇ ಎರಡು ಬಿಳಿ ಧೋತರ ಕೂಡಿಸಿ ಹೊಲಿಸಿದ. "ದೀಪದ ಮುಂದ ಕುಣಿದ್ರ ನೀ ಒಬ್ಬ ಮನಿಷ್ಯಾ," ಎಂದು ನನಗೆ ಹೇಳಿದ. "ಪರದಿ ಹಿಂದ ಕುಣಿದ್ರ ನೀ ರಾಣಿ." ಕಥೆಯನ್ನೂ ಸಣ್ಣದು ಮಾಡಿದ. ರಾಜ ದಂಡಿಗೆ ಹೋಗಿದ್ದಾನೆ, ರಾಣಿ ದಾರಿ ಕಾಯುತ್ತಾಳೆ, ಕುದುರೆ ಒಂದೇ ತಿರುಗಿ ಬರುತ್ತದೆ. ಕುದುರೆ ಅವನ ಗೊಂಬೆ, ರಾಣಿ ನಾನು. ಅಷ್ಟೇ ಆಟ.

ಕುದುರೆಯ ಮಾತು ಬಂದಾಗ ಚಾಚಾ ಬಾರಿಸುವ ಕಡ್ಡಿಗಳನ್ನು ಕೆಳಗಿಟ್ಟ.

"ಇದು ಪೀರಲ ದೇವ್ರ ಮುಂದಿನ ಹೆಜ್ಜಿ. ಆಟಕ್ಕ ಹೆಂಗ ಕೊಡ್ಲಿ? ಆ ಕುದುರಿ ಖಾಲೀನ ಬರ್ತೈತೇನು?"

"ಹೂಂ ಚಾಚಾ," ಎಂದೆ.

"ರಾಣಿ ಅಳ್ತಾಳೇನು?"

"ಹೂಂ."

ಮೊಹರಮ್ಮಿನ ಶೋಕದ ಕಥೆಯಲ್ಲೂ ಸವಾರನಿಲ್ಲದ ಕುದುರೆ ಒಂದೇ ತಿರುಗಿ ಬರುತ್ತದೆ. ಅವನು ಕಡ್ಡಿಗಳನ್ನು ಮತ್ತೆ ಕೈಗೆತ್ತಿಕೊಂಡ. "ಅಳಾಕಾದ್ರ ಕೊಡ್ತೀನಿ. ಮಂದಿ ನಕ್ರ, ತಾಶಾ ಎತ್ತಿಕೊಂಡು ನಡದಬಿಡ್ತೀನಿ. ಆಮ್ಯಾಲ ಚಾಚಾ ಹಿಂಗ ಮಾಡಿದಾ ಅನಬ್ಯಾಡ್ರಿ."

ಮಸ್ಕಿಯಲ್ಲಿ ಗುಡ್ಡದ ಕಡೆಗೆ ಒಬ್ಬ ಸಾಹುಕಾರರ ಅರಳೆ ಕೋಣೆ ಖಾಲಿ ಇತ್ತು. ಹಾಡುಹಗಲೇ ಬಾಗಿಲು, ಬೆಳಕಿಂಡಿ ಎಲ್ಲ ಮುಚ್ಚಿ ಅಲ್ಲಿ ತಾಲೀಮು ಶುರುಮಾಡಿದೆವು. ಮುತ್ಯಾ ಹಿಂಬದಿಗೆ ನೆಲದ ಮೇಲೆ ಮಣ್ಣಿನ ಬಟ್ಟಲು ಇಟ್ಟು, ಔಡಲೆಣ್ಣೆ ಸುರಿದು, ಬೆರಳು ದಪ್ಪದ ಬತ್ತಿ ಹಚ್ಚಿದ. ಮುಂದೆ ಪರದೆ. ನಡುವೆ ನಾನು. ಸ್ವಲ್ಪ ಹೊತ್ತಿಗೆಲ್ಲ ಆ ಕೋಣೆ ಕುದಿಯತೊಡಗಿತು. ಅರಳೆಯ ಧೂಳು ಮೂಗಿಗೆ ಹೋಗಿ ಎಲ್ಲರೂ ಸೀನುತ್ತಿದ್ದರು, ಸೀನಿದವರನ್ನೆಲ್ಲ ಮಾಸ್ತರರು ಬಯ್ಯುತ್ತಿದ್ದರು.

ಮೂರು ಕಸುಬಿನವರು ಒಂದೇ ಕೋಣೆಯಲ್ಲಿ ಕೂಡಿದರೆ ಏನಾಗುತ್ತದೆ ಎಂದು ನಾನು ಅಲ್ಲಿ ನೋಡಿದೆ. ಮಾಸ್ತರರ ತಾಳ ಪದ ಮುಗಿಯುವಲ್ಲಿ ನಿಲ್ಲುತ್ತದೆ. ಪದವೇ ಇಲ್ಲದಲ್ಲಿ ಎಲ್ಲಿ ನಿಲ್ಲಿಸಬೇಕೆಂದು ತಿಳಿಯದೆ ಅವರು ಎಲ್ಲೆಂದರಲ್ಲಿ ನಿಲ್ಲಿಸುತ್ತಿದ್ದರು. ಚಾಚಾನ ತಾಶಾ ನಿಲ್ಲುವುದೇ ಇಲ್ಲ. ಅವನು ಬೆಂಕಿಯ ಸುತ್ತ ದುಂಡಗೆ ಕುಣಿಯುವವರಿಗೆ ಬಾರಿಸಿ ರೂಢಿಯಾದವನು, ನಾನು ಮಂದಿಗೆ ಮುಖಮಾಡಿ ಕುಣಿದವನು. 'ನನ್ನ ನೋಡಿ ಬಾರ್ಸು' ಎಂದು ಮಾಸ್ತರರು ಅಂದರೆ, 'ನಾ ಕಾಲ ನೋಡಿ ಬಾರಸ್ತೀನಿ, ಮುಖ ಅಲ್ಲ' ಎಂದು ಅವನು. ಮುತ್ಯಾ ಇಬ್ಬರ ಕಡೆಗೂ ನೋಡದೆ ತನ್ನ ಕುದುರೆಯ ಕಾಲಿನ ದಾರ ಬಿಗಿ ಮಾಡುತ್ತಿದ್ದ.

ದೊಡ್ಡ ಜಗಳ ಆದದ್ದು ಕುದುರೆ ಬರುವ ಜಾಗದಲ್ಲಿ. ದೊಡ್ಡಾಟದಲ್ಲಿ ದುಃಖವಾಗಲಿ ಸಿಟ್ಟಾಗಲಿ, ತುದಿಗೆ ಬಂತೆಂದರೆ ಪಾತ್ರ ನೆಲ ಒದ್ದು ಮುಂದೆ ನುಗ್ಗಬೇಕು. ಮಾಸ್ತರರು ನನಗೆ ಕಲಿಸಿದ್ದೇ ಅದು. ನಾನು ಹಾಗೆಯೇ ಪರದೆಯ ಕಡೆಗೆ ನುಗ್ಗಿದೆ. ಗೊಂಬೆ ಕೆಳಗಿಟ್ಟು ಮಂದಿ ಕೂರುವ ಬದಿಯಿಂದ ನೋಡುತ್ತಿದ್ದ ಮುತ್ಯಾ ಕೂಗಿದ.

"ಲೇ ರಾಣಿ, ಇಲಿ ಆದೀಯಲ್ಲೋ!"

ಹೊರಗೆ ಬಂದು ನೋಡು ಎಂದು ನನ್ನ ಜಾಗದಲ್ಲಿ ಇನ್ನೊಬ್ಬನನ್ನು ನಿಲ್ಲಿಸಿ ತೋರಿಸಿದ. ಪರದೆಗೆ ಹತ್ತಿರ ಬಂದಷ್ಟೂ ನೆರಳು ಸಣ್ಣದಾಗುತ್ತಿತ್ತು. ದೀಪದ ಕಡೆಗೆ ಹಿಂದೆ ಸರಿದಷ್ಟೂ ಬೆಳೆದು ಬೆಳೆದು ಜಂತಿ ಮುಟ್ಟುತ್ತಿತ್ತು. ಇಷ್ಟು ವರ್ಷ ಮುಂದೆ ಹೋಗಿ ದೊಡ್ಡವನಾದವನು ಈಗ ಹಿಂದೆ ಹೋಗಿ ದೊಡ್ಡವನಾಗಬೇಕಿತ್ತು.

"ಹಿಂದ ಸರಿಯೋ ರಾಣೀನ ನಾ ಕಲಿಸಿಲ್ಲ," ಎಂದರು ಮಾಸ್ತರರು. "ಹಿಂದ ಸರಿಯಾಕಿ ಸೋತಾಕಿ."

"ಹಂಗಾದ್ರ ನಿಮ್ಮ ರಾಣಿ ಇಲಿ ಆಗ್ಯೇ ಇರ್ಲಿ ಬಿಡ್ರಿ," ಎಂದ ಮುತ್ಯಾ.

ಮಾಸ್ತರರು ತಾಳ ಕೆಳಗಿಟ್ಟರು. ತಿರುಗಿ ನನಗೆ ಅಂದರು. "ಕೇಳಲೇ. ಸಿಂಧನೂರಾಗ ನಿಂತ್ರ ನಿಂತಿ. ಅಲ್ಲಿ ಕೆಡಿಸಿದ್ರ, ಇನ್ನೊಮ್ಮಿ ವ್ಯಾಷದ ಮಾತು ನನ್ನ ಮುಂದ ಎತ್ತಬ್ಯಾಡ." ಅಷ್ಟು ಹೇಳಿ ಬಾಗಿಲು ತೆರೆದು ಹೊರಗೆ ಹೋಗಿ ಕುಳಿತರು.

ನನಗೆ ಹಿಂದೆ ಸರಿಯಲು ಬರಲೇ ಇಲ್ಲ. ತಲೆ ಹೌದೆನ್ನುತ್ತಿತ್ತು, ತಾಳ ಏರಿದ ಕೂಡಲೇ ಕಾಲು ಮುಂದಕ್ಕೇ ಹೋಗುತ್ತಿತ್ತು. ದಿನಗಳು ಕಳೆದವು. ಮುತ್ಯಾ ಬೇಸತ್ತ, ನಾನು ನನ್ನ ಕಾಲನ್ನೇ ಬಯ್ದುಕೊಂಡೆ. ಕೊನೆಗೆ ದಾರಿ ತೋರಿದವನು ಚಾಚಾ. ಅಲಾಯಿ ಕುಣಿಯಲ್ಲಿ ಬೆಂಕಿ ಎದ್ದು ಝಳ ತಾಳಲಾರದಂತಾದಾಗ ತಾಶಾದಲ್ಲಿ ಒಂದು ಬೇರೆ ಬಡಿತ ಬರುತ್ತದೆ. ಅದು ಕೇಳಿದ ಕೂಡಲೇ ಸುತ್ತ ಕುಣಿಯುವವರೆಲ್ಲ ತಿರುಗಿ ನೋಡದೆ ಹಿಂದೆ ಹಿಂದೆ ಸರಿಯುತ್ತಾರೆ. ಬಡಿತ ಮುರಿಯುವವರೆಗೆ ಯಾರೂ ನಿಲ್ಲುವಂತಿಲ್ಲ. ನಮ್ಮೂರಲ್ಲಿ ಹಿಂದೂ ಮುಸಲ್ಮಾನ ಎನ್ನದೆ ಎಲ್ಲ ಮನೆಯವರೂ ಆ ಹೆಜ್ಜೆ ಹಾಕುತ್ತಿದ್ದರು. ಚಿಕ್ಕಂದಿನಿಂದ ನಾನೂ ಹಾಕಿದ್ದೆ. ಚಾಚಾ ಆ ಬಡಿತ ಎತ್ತಿದ. ನನ್ನ ಕಾಲು ತಾನಾಗಿಯೇ ಹಿಂದೆ ಸರಿಯಿತು. ಪರದೆಯ ಆಚೆ ಕುಳಿತಿದ್ದವರು ಉಸಿರು ಒಳಗೆಳೆದುಕೊಂಡದ್ದು ನನಗೆ ಈಚೆ ಕೇಳಿಸಿತು.

ಅಲ್ಲಿಂದ ಕೆಲಸ ಸಲೀಸಾಯಿತು. ಚಾಚಾ ಬಡಿತ ಎತ್ತುತ್ತಿದ್ದ, ನಾನು ಹಿಂದೆ ಸರಿಯುತ್ತಿದ್ದೆ, ದೀಪ ಹತ್ತಿರವಾದಾಗ ಮುತ್ಯಾ ನೆರಳಿನ ಅಳತೆ ನೋಡಿ "ಸಾಕು" ಎನ್ನುತ್ತಿದ್ದ, ಚಾಚಾ ಬಡಿತ ಮುರಿಯುತ್ತಿದ್ದ, ನಾನು ಕುಸಿದು ಕೂರುತ್ತಿದ್ದೆ. ತಾಲೀಮಿನ ಎಲ್ಲ ದಿನವೂ ಹೀಗೆಯೇ. ಮಾಸ್ತರರು ಒಳಗೆ ಬಂದು ನೋಡಿ, ಚೆನ್ನಾಗಿದೆ ಎನ್ನಲಿಲ್ಲ, ಕೆಟ್ಟದಾಗಿದೆ ಎಂದೂ ಅನ್ನಲಿಲ್ಲ. ತಾಳ ಹಿಡಿದು ಪರದೆಯ ಪಕ್ಕ ಕುಳಿತರು.

ಸಿಂಧನೂರಿನ ಸಂತೆಯ ಬಯಲು ಆ ಸಂಜೆ ಮಂದಿಯಿಂದ ತುಂಬಿಹೋಗಿತ್ತು. ಗೊರೇಬಾಳ, ಬಳಗಾನೂರಿನಿಂದೆಲ್ಲ ಬಂಡಿಗಳು ಬಂದಿದ್ದವು. ಹೆಂಗಸರು ಮುಂದೆ ಚಾಪೆ ಹಾಸಿಕೊಂಡಿದ್ದರು. ಎಲ್ಲರೂ ಹಾಡು ಕೇಳುವುದಕ್ಕೆ ಬಂದವರು. ಅಮೀನರು ಬಂದರು, ಜೊತೆಗೆ ಜವಾನರು. ಮುಂದೆ ಕುರ್ಚಿ ಹಾಕಿದ್ದರು. ಅವರಿಗೆ ನಮ್ಮ ಮೇಲೆ ಹಗೆಯೇನೂ ಇದ್ದಂತೆ ಕಾಣಲಿಲ್ಲ. ದಿನವಿಡೀ ಬಿಸಿಲಲ್ಲಿ ತಿರುಗಿ ದಣಿದ ಮುಖ. ಮಾಸ್ತರರನ್ನು ಕರೆದು ಎಲ್ಲರಿಗೂ ಕೇಳುವಂತೆ ಹೇಳಿದರು.

"ಏಕ್ ಬಾತ್ ನಿಕ್ಲಾ ತೋ ಖೇಲ್ ಬಂದ್. ಒಂದ ಮಾತು ಬಂದ್ರ ಆಟ ಬಂದ್. ಆಡಿದವ ಚೌಕಿಗಿ. ಸಮಝೆ?"

"ಸಮಝೇರಿ," ಎಂದರು ಮಾಸ್ತರರು. ಬಂದು ಪರದೆಯ ಪಕ್ಕ ಕುಳಿತು, ಎಲೆ, ಅಡಿಕೆ, ತಂಬಾಕು ಎಲ್ಲ ಸೇರಿಸಿ ಎರಡೂ ದವಡೆ ತುಂಬುವಷ್ಟು ಬಾಯಿಗೆ ತುರುಕಿಕೊಂಡರು. ಹಾಡು ಎಲ್ಲಿ ಹೊರಗೆ ಜಾರಿಬಿಡುತ್ತದೋ ಎಂಬ ಭಯ ಅವರಿಗೆ. ಅವರು ಕುಳಿತ ಜಾಗದಿಂದ ಈ ಕಡೆ ಮಂದಿಯೂ ಕಾಣುತ್ತಿದ್ದರು, ಆ ಕಡೆ ನಾನೂ ದೀಪವೂ ಕಾಣುತ್ತಿದ್ದೆವು. ಚಾಚಾ ಮಂದಿಯ ಪಕ್ಕದಲ್ಲಿ, ಪರದೆಗೆ ಮುಖಮಾಡಿ ಕುಳಿತ. ತಾಲೀಮಿನಲ್ಲಿ ಅವನು ನನ್ನ ಹತ್ತಿರವೇ ಕೂರುತ್ತಿದ್ದ. ಆದರೆ ಪರದೆಯ ಹಿಂದೆ ಆ ದಿನ ಜಾಗ ಸಾಲಲಿಲ್ಲ.

ಆಟ ಶುರುವಾಯಿತು. ರಾಣಿ ದಾರಿ ಕಾದಳು. ಮಂದಿ ಸ್ವಲ್ಪ ಹೊತ್ತು ಕಾದರು, ಆಮೇಲೆ ಗುಜುಗುಜು ಎದ್ದಿತು.

"ಹಾಡ್ರೋ! ಬಾಯಿಗಿ ಬೀಗ ಹಾಕ್ಯಾರೇನು?" ಎಂದು ಹಿಂದಿನಿಂದ ಒಬ್ಬ ಕೂಗಿದ. ಜವಾನನೊಬ್ಬ ಎದ್ದು ನಿಂತು ಕತ್ತಲಲ್ಲಿ ಯಾರೆಂದು ನೋಡಿದ. ಬಯಲು ಮತ್ತೆ ಸುಮ್ಮನಾಯಿತು. ಇಷ್ಟು ದಿನ ನನ್ನನ್ನು ನೋಡಿ ಕಣ್ಣು ಮಿಟುಕಿಸದವರು ಇವರೇ ಏನು ಎಂದು ಸಂಕಟವಾಯಿತು.

ಕುದುರೆ ಬಂತು. ಮುತ್ಯಾ ಎರಡೂ ಕೈಯಲ್ಲಿ ಅದನ್ನು ಹಿಡಿದು ಕುಂಟಿಸುತ್ತ ತಂದ. ಮೊದಲು ಒಂದು ಕಾಲು, ಆಮೇಲೆ ತಲೆ, ಆಮೇಲೆ ಖಾಲಿ ಬೆನ್ನು. ಹೆಂಗಸರ ಕಡೆಯಿಂದ "ಅಯ್ಯ" ಎಂಬ ಒಂದು ಸಣ್ಣ ದನಿ ಬಂತು. ಆ ದನಿ ಕೇಳಿದ್ದೇ ತಡ, ನನ್ನ ಕಾಲು ಹಳೆಯ ಕೆಲಸ ಮಾಡಿತು. ನೆಲ ಒದ್ದು ಮುಂದೆ ನುಗ್ಗಿದೆ.

ಯಾರೋ ನಕ್ಕರು. ಒಬ್ಬರಲ್ಲ, ಒಂದು ಸಾಲೇ ನಕ್ಕಿತು.

ತಾಶಾ ನಿಂತಿತು. ಮುಗಿಯಿತು, ಚಾಚಾ ಎದ್ದು ಹೊರಟ ಎಂದೇ ತಿಳಿದೆ. ಕುದುರೆಯ ಮುಂದೆ ಸಣ್ಣ ನೆರಳಾಗಿ ನಿಂತು, ನಾಳೆಯಿಂದ ನನ್ನ ಬದುಕು ಏನೆಂದು ಒಂದು ಕ್ಷಣದಲ್ಲಿ ಪೂರಾ ಕಂಡುಬಿಟ್ಟೆ. ಆಗ ಆ ಬಡಿತ ಎದ್ದಿತು. ಚಾಚಾ ಎದ್ದುಹೋಗಿರಲಿಲ್ಲ. ಬೆಂಕಿಯಿಂದ ಹಿಂದೆ ಸರಿಸುವ ಆ ಬಡಿತವನ್ನು, ತಾಲೀಮಿನಲ್ಲಿ ಎಂದೂ ಬಾರಿಸದಷ್ಟು ಸಿಟ್ಟಿನಿಂದ ಎತ್ತಿದ.

ನಾನು ಹಿಂದೆ ಸರಿದೆ. ಸರಿದಂತೆ ರಾಣಿ ಬೆಳೆದಳು. ಕುದುರೆಗಿಂತ ದೊಡ್ಡವಳಾದಳು, ಪರದೆಯ ಅರ್ಧಕ್ಕೆ ಬಂದಳು, ಎತ್ತಿದ ಕೈ ಪರದೆಯ ಅಂಚು ದಾಟಿತು. ನಕ್ಕವರು ಸುಮ್ಮನಾದರು. ಮುಂದಿನ ಚಾಪೆಯಲ್ಲಿ ಒಬ್ಬಳು ಬಿಕ್ಕಿದಳು, ಅವಳ ಹಿಂದೆ ಇನ್ನೊಬ್ಬಳು. ನನಗೆ ಅದು ಗೊತ್ತಿರುವ ಸಪ್ಪಳ. ಜ್ವರ ಬಂದ ದಿನದಿಂದ ಕೇಳಿರಲಿಲ್ಲ. ಬೆನ್ನಿಗೆ ಝಳ ತಾಗತೊಡಗಿತು. ಇನ್ನೇನು ಮುತ್ಯಾ 'ಸಾಕು' ಎನ್ನುತ್ತಾನೆ ಎಂದು ಇನ್ನೊಂದು ಹೆಜ್ಜೆ ಸರಿದೆ. ಅನ್ನಲಿಲ್ಲ. ಇನ್ನೂ ಒಂದು ಹೆಜ್ಜೆ.

ಆಗ ಹೊಳೆಯಿತು. 'ಸಾಕು' ಎನ್ನುವುದೂ ಒಂದು ಮಾತು.

ನಮ್ಮಲ್ಲಿ ಒಬ್ಬರಿಗೂ ಅದು ತೋಚಿರಲಿಲ್ಲ. ಹಾಡು ಬಿಟ್ಟೆವು, ಸಂಭಾಷಣೆ ಬಿಟ್ಟೆವು, ದಿನವೂ ಆಡುತ್ತಿದ್ದ ಆ ಒಂದು ಮಾತನ್ನು ಮಾತೆಂದು ಯಾರೂ ಎಣಿಸಲೇ ಇಲ್ಲ. ಮುತ್ಯಾನ ಎರಡೂ ಕೈ ಕುದುರೆಯ ಮೇಲೆ, ಕಣ್ಣು ಪರದೆಯ ಮೇಲೆ. ಗೊಂಬೆ ಆಡಿಸುವವನು ಕಣ್ಣು ಕುಕ್ಕುತ್ತದೆಂದು ದೀಪದ ಕಡೆ ತಿರುಗುವವನಲ್ಲ. ಚಾಚಾನೂ ಪರದೆಯನ್ನೇ ನೋಡುತ್ತಿದ್ದ. ಯಾವಾಗಲೂ ಕಾಲು ನೋಡಿ ಬಾರಿಸುವವನಿಗೆ ಆ ದಿನ ಕಾಲು ಕಾಣುತ್ತಿರಲಿಲ್ಲ. ತನ್ನ ಬಡಿತಕ್ಕೆ ಒಂದು ಹೆಣ್ಣು ಆಕಾಶದೆತ್ತರ ಬೆಳೆಯುವುದು ಕಾಣುತ್ತಿತ್ತು. ಅವನು ಹೇಗೆ ನಿಲ್ಲಿಸಿಯಾನು?

ನಾನೇ ನಿಲ್ಲಬಹುದಿತ್ತು. ನಿಲ್ಲಲಿಲ್ಲ. ಬಡಿತ ಮುರಿಯುವ ಮೊದಲು ನಿಂತವನನ್ನು ಅಲಾಯಿಯಲ್ಲಿ ಗಂಡಸೆಂದು ಎಣಿಸುವುದಿಲ್ಲ, ಅದೊಂದು. ಇನ್ನೊಂದು, ಅವರು ಅಳುತ್ತಿದ್ದರು. ನನಗಾಗಿ ಅಳುತ್ತಿದ್ದರು. ಅಲ್ಲಿ ನಿಂತುಬಿಡುವಷ್ಟು ಬುದ್ಧಿ ನನಗೆ ಇರಲಿಲ್ಲ.

ಸೆರಗಿನ ತುದಿ ಸುಟ್ಟ ವಾಸನೆ ಮೊದಲು ಬಂತು. ಆಮೇಲೆ ಬೆನ್ನ ಕೆಳಗೆ ಚುರ್ ಎಂದಿತು, ಕೂಡಲೇ ಮೇಲಕ್ಕೆ ಏರಿತು. ನಾನು ಹಲ್ಲು ಕಚ್ಚಿದೆ. ಚೀರಿದರೆ ಆಟ ಬಂದ್. ಆ ನೋವಿನಲ್ಲಿ ನನ್ನ ಕೈಗಳು ತಾವೇ ಮೇಲೆದ್ದವು. ಪರದೆಯ ಆಚೆ ಬಯಲಿಗೆ ಬಯಲೇ ಅತ್ತದ್ದು ಕೇಳಿಸಿತು. ಅವರು ಅದನ್ನು ಆಟವೆಂದೇ ತಿಳಿದಿದ್ದರು.

"ಬೆಂಕೀ! ಲೇ ಮಗಾ, ಬೆಂಕಿ ಹತ್ತೈತೋ! ಸೀರಿ ಬಿಚ್ಚೋ!"

ಬಯಲಿನ ತುದಿಯವರೆಗೂ ಕೇಳಿಸುವ ದನಿ. ಬೆಳತನಕ ಹಾಡಿ ಪಳಗಿದ ಮಾಸ್ತರರ ದನಿ. ಬಾಯಿಯ ತಂಬಾಕು ಪರದೆಯ ತುಂಬ ಕೆಂಪಗೆ ಸಿಡಿದಿತ್ತು. ಮರುಕ್ಷಣ ಅವರೇ ಒಳಗೆ ನುಗ್ಗಿ ಎರಡೂ ಕೈಯಿಂದ ನನ್ನ ಸೀರೆ ಸೆಳೆದರು. ಮುತ್ಯಾ ಕುದುರೆಯನ್ನು ಬಿಸಾಕಿ ಕೊಡದ ನೀರನ್ನು ನನ್ನ ಮೇಲೆ ಸುರಿದ. ಪರದೆ ಹರಿದು ಬಿತ್ತು. ಚಡ್ಡಿ, ಕುಪ್ಪಸ, ಬಿಚ್ಚಿದ ಕೂದಲಿನಲ್ಲಿ ನಾನು ಮಂದಿಯ ಮುಂದೆ ನಿಂತಿದ್ದೆ. ಒಬ್ಬರೂ ನಗಲಿಲ್ಲ.

ಅಮೀನರು ಎದ್ದು ನಿಂತಿದ್ದರು. ಅವರ ಮುಖ ನೋಡಿದರೆ ಅವರಿಗೂ ಏನು ಮಾಡಬೇಕೆಂದು ತಿಳಿದಂತಿರಲಿಲ್ಲ. ಆದರೆ ಎಲ್ಲರೆದುರು ಹೇಳಿದ ಮಾತು ಅವರದು.

"ಯಾರು ಮಾತಾಡಿದ್ದು?" ಎಂದು ಕೇಳಿದರು. ಕೇಳುವ ಅಗತ್ಯವೇ ಇರಲಿಲ್ಲ.

"ನಾನ್ರಿ," ಎಂದರು ಮಾಸ್ತರರು. ಬೆರಳುಗಳು ಸುಟ್ಟಿದ್ದವು, ಅದನ್ನು ಧೋತರದಲ್ಲಿ ಮುಚ್ಚಿಕೊಂಡಿದ್ದರು. "ನಡೀರಿ, ಬರ್ತೀನಿ."

ಜವಾನರ ನಡುವೆ ಅವರು ನಡೆದುಹೋದರು. ತಿರುಗಿ ನನ್ನನ್ನು ನೋಡಲಿಲ್ಲ.

ಮರುದಿನ ಬೆಳಗ್ಗೆ ಚೌಕಿಯ ಎದುರಿನ ಬೇವಿನ ಮರದ ಕೆಳಗೆ ನಾನು ಬೋರಲು ಮಲಗಿದ್ದೆ. ಬೆನ್ನಿಗೆ ಯಾರೋ ಲೋಳೆಸರದ ಲೋಳೆ ಹಚ್ಚಿದ್ದರು. ಚಾಚಾ ಒಂದು ಕಡೆ, ಮುತ್ಯಾ ಒಂದು ಕಡೆ. ಚಾಚಾ ಮತ್ತೆ ಮತ್ತೆ, "ನಾ ಪರದಿ ನೋಡಾಕತ್ತಿದ್ದೆಲ್ಲೋ, ನಿನ್ನ ಕಾಲ ನೋಡ್ಲಿಲ್ಲ," ಎನ್ನುತ್ತಿದ್ದ. ಮುತ್ಯಾ ತುಳಿತಕ್ಕೆ ಸಿಕ್ಕಿ ಮಡಚಿಹೋದ ಕುದುರೆಯ ಕಾಲು ನೀವುತ್ತ, "ಬಾಯಿ ಮುಚ್ಚು, ದೀಪ ಇಟ್ಟವ ನಾನು," ಎನ್ನುತ್ತಿದ್ದ. 'ಅಲ್ಲಿ ಕೆಡಿಸಿದ್ರ' ಎಂದಿದ್ದರು ಮಾಸ್ತರರು. ಇದಕ್ಕಿಂತ ಕೆಡಿಸುವುದು ಇನ್ನೇನಿದೆ? ಆಟ ಅರ್ಧಕ್ಕೆ ನಿಂತಿತ್ತು, ಅವರು ಒಳಗಿದ್ದರು, ಎರಡಕ್ಕೂ ನಾನೇ ಕಾರಣ. ಚೌಕಿಯ ಒಳಗೆ ಹೊರಗೆ ಮಂದಿ ಓಡಾಡುತ್ತಿದ್ದರು. ಯಾರು, ಯಾಕೆ ಎಂದು ಕೇಳುವ ಧೈರ್ಯ ಆಗಲಿಲ್ಲ.

ಬಿಸಿಲು ಏರಿದ ಮೇಲೆ ತಾಕೀತು ಮಾಡಿ ಮಾಸ್ತರರನ್ನು ಬಿಟ್ಟರು. ಬಂದರು, ಕೊಡದಿಂದ ನೀರು ಬಗ್ಗಿಸಿಕೊಂಡು ಕುಡಿದರು, ರುಮಾಲು ಸುತ್ತಿಕೊಂಡರು. ಬಂಡಿ ಕಟ್ಟಲು ಹೇಳಿದರು. ನಾನು ಹೇಗೋ ಎದ್ದು ಅವರ ಎದುರು ನಿಂತೆ.

"ತಪ್ಪಾತ್ರಿ ಮಾಸ್ತರ್ರ," ಎಂದೆ. ಅಷ್ಟು ಹೇಳುವುದಕ್ಕೆ ಗಂಟಲು ಹರಿದುಹೋದಂತಾಯಿತು.

ಅವರು ಕೇಳಿಸಿಕೊಳ್ಳದವರಂತೆ ಎತ್ತಿನ ಕೊರಳ ಹಗ್ಗ ಸರಿಮಾಡುತ್ತಿದ್ದರು. ಮಡಿಚಲು ಬಾರದ ಬೆರಳುಗಳಿಂದ ಬಹಳ ಹೊತ್ತು ಅದೇ ಹಗ್ಗವನ್ನು ಸರಿಮಾಡಿದರು.

"ಬಳಗಾನೂರವ್ರು ಬಂದಿದ್ರು ಮುಂಜಾನೆ," ಎಂದರು, ನನ್ನ ಕಡೆ ನೋಡದೆ. "ಹಾಡಿಂದಲ್ಲಂತ, ರಾತ್ರಿ ಕುಣಿದದ್ದ ಬೇಕಂತ. ಯಾವಾಗ ಬರ್ತೀರಿ ಅಂತ ಕೇಳಿದ್ರು."

"ಏನಂದ್ರಿ?"

"ಏನನ್ನಲಿ? ರಾಣಿ ಬೆನ್ನ ಮಾಯ್ಲಿ, ಆಮ್ಯಾಲ ಹೇಳ್ತೀನಿ ಅಂದೆ."